ಜಬಲ್ಪುರದ ದಾರಿಗೆ ನಮ್ಮ ಕ್ಯಾಂಟರು

ಮಗಳ ಫೋನು ಬಂದಾಗ ನಾನು ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದೆ. ಕೆಲಸದ ಹೊತ್ತಿನಲ್ಲಿ ಅವಳು ಫೋನು ಮಾಡುವವಳಲ್ಲ. ತಕ್ಕಡಿಯಲ್ಲಿದ್ದ ಮಗುವನ್ನು ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದೆ. ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡಕ್ಕೆ ಕಂಬಿ ಕತ್ತರಿಸುತ್ತಿದ್ದರು. ಅವಳ ಮಾತು ಕೇಳಿಸಲು ಇನ್ನೊಂದು ಕಿವಿಯನ್ನು ಮುಚ್ಚಿಕೊಳ್ಳಬೇಕಾಯಿತು.

"ಅಮ್ಮಾ, ನಾನು ವಾಪಸ್ ಬಂದ್ಬಿಡ್ತೀನಿ. ಇಲ್ಲಿ ಇನ್ನು ಆಗಲ್ಲ."

"ಬಾ," ಎಂದೆ.

"ಮೆಷೀನು ಇದಾವಲ್ಲ, ಮೂರೂ ನನ್ನವು. ಅವನ್ನ ಇಲ್ಲಿ ಬಿಟ್ಟು ಬರಲ್ಲ."

"ತಗೊಂಡೇ ಬಾ," ಎಂದೆ. ಮೂರು ಹೊಲಿಗೆ ಯಂತ್ರಗಳು ಜಬಲ್ಪುರದಿಂದ ನಮ್ಮ ಕೊಡಿಗೇಹಳ್ಳಿಗೆ ಹೇಗೆ ಬರುತ್ತವೆ ಎಂದು ಆ ಗಳಿಗೆಯಲ್ಲಿ ನಾನು ಯೋಚಿಸಲಿಲ್ಲ. ಅವಳ ದನಿಯಲ್ಲಿದ್ದ ಆಯಾಸ ನನಗೆ ಪರಿಚಿತವಾದದ್ದು. ಅದಕ್ಕೆ ಯಾವ ಪ್ರಶ್ನೆಯೂ ಬೇಕಿರಲಿಲ್ಲ.

ಅವಳು ಮದುವೆಗೆ ಮುಂಚೆ ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ಟಿ. ದಾಸರಹಳ್ಳಿಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡು, ಭಾನುವಾರ ಮಾತ್ರ ಮನೆಗೆ ಬರುತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನದು ಜಬಲ್ಪುರ. ಕೆಲವು ವರ್ಷ ಇಲ್ಲೇ ಇದ್ದು ಆಮೇಲೆ ಅವನ ಊರಿಗೆ ಹೋದರು. ಅಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಶಾಲೆಯ ಯೂನಿಫಾರ್ಮು ಹೊಲಿಯುವ ಕೆಲಸ ಶುರುಮಾಡಿದರು. ಗಾರ್ಮೆಂಟ್ಸಿನಲ್ಲಿರುವಂಥ, ಮೇಜು ಮೋಟಾರು ಸಮೇತದ ಭಾರೀ ಯಂತ್ರಗಳನ್ನು ಒಂದಾದಮೇಲೊಂದರಂತೆ ಮೂರು, ಅವಳೇ ದುಡಿದು ಕೊಂಡುಕೊಂಡಳು. ಹೊಸದು ಬಂದಾಗಲೆಲ್ಲ ಅದಕ್ಕೆ ಹೂವು ಹಾಕಿ ಫೋಟೋ ತೆಗೆದು ನನಗೆ ಕಳಿಸುತ್ತಿದ್ದಳು. ಮದುವೆ ಯಾಕೆ ಮುರಿಯಿತೆಂದು ಅವಳು ಹೇಳಿದ್ದು ಕಡಿಮೆ, ನಾನು ಕೇಳಿದ್ದು ಇನ್ನೂ ಕಡಿಮೆ. ಅವನು ಮನೆಗೆ ಬರುವುದೇ ನಿಂತು ಬಹಳ ಕಾಲವಾಗಿತ್ತು ಎಂಬುದಷ್ಟು ಗೊತ್ತಾಯಿತು.

ಸಂಜೆ ಇವರಿಗೆ ವಿಷಯ ಹೇಳಿದೆ. ಇವರು ಊಟದ ತಟ್ಟೆಯ ಮುಂದೆ ಕೂತಿದ್ದರು. ಕೈಯಲ್ಲಿದ್ದ ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು, ಮತ್ತೊಂದು ತುತ್ತು ಮುರಿದರು, ಆದರೆ ಅದನ್ನು ಬಾಯಿಗಿಡದೆ ಎದ್ದು ಕೈ ತೊಳೆದು ಹೊರಗೆ ಹೋದರು. ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ನೋಡಿದರೆ ಮನೆ ಮುಂದಿದ್ದ ನಮ್ಮ ಸಣ್ಣ ಲಾರಿ, ಆ ಕ್ಯಾಂಟರಿನ ಪಕ್ಕದಲ್ಲಿ ನಿಂತು, ಮುಂದಿನ ಟೈರಿನ ಮೇಲೆ ಕೈಯಿಟ್ಟುಕೊಂಡಿದ್ದರು. ಬಂದವರು ಬಾಗಿಲಲ್ಲೇ ನಿಂತು ಹೇಳಿದರು:

"ಗಾಡಿ ತಗೊಂಡ್ ನಾನೇ ಓಯ್ತೀನಿ."

"ಎಲ್ಲಿಗೆ?"

"ಇನ್ನೆಲ್ಲಿಗೆ? ಜಬಲ್ಪುರಕ್ಕೆ."

ಆ ಕ್ಯಾಂಟರು ನಮ್ಮ ಕೈಗೆ ಬರುವ ಹೊತ್ತಿಗೇ ಹಳೆಯದು. ಯಲಹಂಕದ ಒಬ್ಬ ಶಾಮಿಯಾನದವರು ವರ್ಷಗಟ್ಟಲೆ ಕುರ್ಚಿ, ಕಂಬ, ಪಾತ್ರೆ ಹೇರಿ ಓಡಿಸಿ, ಸಾಕೆನಿಸಿದ ಮೇಲೆ ಮಾರಿದ್ದರು. ಇವರು ಬೇರೆಯವರ ಲಾರಿ ಓಡಿಸಿಕೊಂಡೇ ತಲೆ ಹಣ್ಣಾಗಿಸಿಕೊಂಡವರು. ಕೊನೆಗೊಂದು ಸ್ವಂತ ಗಾಡಿ ಎಂದು ಇದನ್ನು ತಂದರು. ಬೆಳಗಿನ ಜಾವ ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿಗೆ ಹೋಗಿ ಈರುಳ್ಳಿ, ಆಲೂಗಡ್ಡೆ ಹೇರಿಕೊಂಡು ಯಲಹಂಕ, ಜಕ್ಕೂರು ಕಡೆಯ ಅಂಗಡಿಗಳಿಗೆ ಹಾಕುವುದು, ಮಧ್ಯಾಹ್ನದ ಹೊತ್ತಿಗೆ ಮನೆ ಸೇರುವುದು. ನಮ್ಮ ಕೈಗೆ ಬಂದಮೇಲೆ ಅದು ದೊಡ್ಡಬಳ್ಳಾಪುರ ದಾಟಿದ್ದೇ ಇಲ್ಲ. ಈಗ ಒಮ್ಮೆಗೇ ಹೈದರಾಬಾದು, ನಾಗಪುರ ದಾಟಿ ಅದರಾಚೆಗೂ ಹೋಗಬೇಕು ಅನ್ನುತ್ತಿದ್ದರು.

"ಯಾವುದಾದ್ರೂ ಬಾಡಿಗೆ ಲಾರಿಗೆ ಹಾಕಿಸಿದ್ರೆ ಆಗಲ್ವಾ? ಅವಳು ಟ್ರೈನಲ್ಲಿ ಬರ್ಲಿ," ಎಂದೆ.

"ಅವಳ್ನ ಕಳುಸ್ಬೇಕಾದ್ರೆ ಸಾಮಾನು ಬಾಡಿಗೆ ಲಾರೀಲೇ ಓಗಿದ್ದು. ನಾನು ರೋಡಲ್ ನಿಂತ್ಕಂಡು ನೋಡ್ತಿದ್ದೆ," ಎಂದರು. "ಬರ್ಬೇಕಾದ್ರೂ ಅಂಗೇ ಬರ್ಬೇಕಾ? ಮನೇಲಿ ಗಾಡಿ ಐತೆ, ಓಡ್ಸಕ್ಕೆ ನಾನಿವ್ನಿ."

ಮಗಳಿಗೆ ಅವರೇ ಫೋನು ಮಾಡಿ, "ನಾನು ಬತ್ತೀನಿ ಮಗಾ, ನೀನೇನೂ ಅಲ್ಲಾಡಿಸ್ಬೇಡ," ಎಂದರು. ಅವಳು ಅತ್ತಳೋ ಏನೋ, ಇವರು ಊಂ, ಊಂ ಎನ್ನುತ್ತಲೇ ಫೋನು ಹಿಡಿದುಕೊಂಡು ಕೂತಿದ್ದರು.

ಮರುದಿನದಿಂದ ಗಾಡಿ ತೋರಿಸುವ ಓಡಾಟ ಶುರುವಾಯಿತು. ಮೊದಲು ಆರ್.ಟಿ. ನಗರದ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದೆವು. ಇವರಿಗೆ ಲಾರಿ ದಿನಗಳಿಂದಲೂ ಗೊತ್ತಿದ್ದವರು, ಮನೆಯಲ್ಲಿ ಉರ್ದು ಆಡುವ ಜನ. ನನ್ನನ್ನು ಭಾಬಿ ಎಂದು ಕರೆದು, ಕೂರಲು ಟೈರಿನ ಮೇಲೆ ಒಂದು ಹಲಗೆ ಹಾಕಿಕೊಟ್ಟರು. ಹೆಬ್ಬಾಳದ ಮೇಲ್ಸೇತುವೆಯ ಜಾಮಿನಲ್ಲಿ ಸಿಕ್ಕಿ ಬಂದಿದ್ದರಿಂದ ಗಾಡಿಯ ಮೂತಿ ಕಾದು ಹಬೆಯಾಡುತ್ತಿತ್ತು. ದಾರಿಯಲ್ಲಿ ಶಾಖದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿದ್ದನ್ನು ನಾನು ನೋಡಿದ್ದೆ. ಇವರೂ ನೋಡಿದ್ದರು, ಆದರೆ ಇಬ್ಬರೂ ಮಾತೆತ್ತಿರಲಿಲ್ಲ. ಮೇಸ್ತ್ರಿ ಇಂಜಿನ್ನನ್ನು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಕೇಳಿದರು.

"ಇಂಜಿನ್ ಮಸ್ತ್ ಐತಣ್ಣಾ, ಅದ್ರದ್ದು ಫಿಕರ್ ಬೇಡ," ಎಂದರು. "ರೇಡಿಯೇಟರ್ ಒಂದು ತೊಳೆಸಿ ಹಾಕಿದ್ರೆ ದಿಲ್ಲಿಗೂ ಹೋಗ್ತದೆ."

ಇವರ ಮುಖ ಅರಳಿತು. ರೇಡಿಯೇಟರನ್ನು ಬಿಚ್ಚಿ ತೊಳೆಸಿದ್ದಾಯಿತು. ಆದರೆ ಯಶವಂತಪುರದ ಯಾರ್ಡಿನ ಹಿಂದೆ ಇರುವ ಇನ್ನೊಬ್ಬ ಮೆಕ್ಯಾನಿಕ್ ಅದೇ ಇಂಜಿನ್ನಿನ ಸದ್ದು ಕೇಳಿ ತಲೆಯಾಡಿಸಿದ. "ಇಂಜಿನ್ ಕೆಲ್ಸ ಕೇಳ್ತಾ ಇದೆ ಯಜಮಾನ್ರೇ. ಲೋಕಲ್ಗೆ ಓಡ್ಸಿ. ತುಮಕೂರು ದಾಟಿಸ್ಬೇಡಿ," ಎಂದ. ಇವರು ಅವನ ಜೊತೆ ವಾದ ಮಾಡಿದರು. ಅವನು ಕೈ ಒರೆಸಿಕೊಂಡು, "ನಿಮ್ ಗಾಡಿ, ನಿಮ್ಮಿಷ್ಟ," ಎಂದು ಬೇರೆ ಕೆಲಸಕ್ಕೆ ಹೋದ. ಯಾರ್ಡಿನಲ್ಲಿ ಪರಿಚಯದ ಡ್ರೈವರುಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಟೈರು ಬದಲಾಯಿಸು ಎಂದವನೊಬ್ಬ, ಟೈರು ಇನ್ನೂ ಬರುತ್ತೆ, ಬ್ಯಾಟರಿ ಹಾಕಿಸು ಎಂದವನು ಇನ್ನೊಬ್ಬ. ಇವರು ಎಲ್ಲರ ಮಾತೂ ಕೇಳಿದರು. ಟೈರು ಬಂತು, ಬ್ಯಾಟರಿ ಬಂತು. ಹೊರ ರಾಜ್ಯಕ್ಕೆ ಹೋಗಲು ಪರ್ಮಿಟ್ಟು ಮಾಡಿಸಿಕೊಡುವ ಏಜೆಂಟನೊಬ್ಬ ದಿನವೂ ನಾಳೆ ನಾಳೆ ಎನ್ನತೊಡಗಿದ.

ಹೀಗೇ ವಾರಗಳು ಕಳೆದವು. ಬಿಸಿಲು ಏರಿತು. ನಾನು ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನದ ಮೇಲೆ ಇವರ ಜೊತೆ ಒಂದಲ್ಲ ಒಂದು ಗ್ಯಾರೇಜು, ಸಂಜೆ ಮಗಳ ಫೋನು. ಅವಳು ದಿನಾ ಅದನ್ನೇ ಕೇಳುತ್ತಿದ್ದಳು: "ಗಾಡಿ ರೆಡಿ ಆಯ್ತಾಮ್ಮಾ?" ನಾನು ದಿನಾ ಅದನ್ನೇ ಹೇಳುತ್ತಿದ್ದೆ: "ಇನ್ನೊಂದ್ ಸ್ವಲ್ಪ ಇದೆ." ಅವಳ ಕೋಣೆಯ ಮಾಲೀಕರು ಖಾಲಿ ಮಾಡಲು ಹೇಳಿದ್ದರು. ಕೆಲಸ ನಿಲ್ಲಿಸಿಬಿಟ್ಟಿದ್ದಳು. ಯಂತ್ರಗಳಿಗೆ ಹಳೆಯ ಸೀರೆ ಸುತ್ತಿ ಹಗ್ಗ ಕಟ್ಟಿ ಇಟ್ಟುಕೊಂಡು, ಅವುಗಳ ನಡುವೆಯೇ ಚಾಪೆ ಹಾಕಿ ಮಲಗುತ್ತಿದ್ದಳಂತೆ. ಇದನ್ನು ಅವಳು ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಒಲೆಯ ಮುಂದೆ ಹೋಗಿ ನಿಂತವಳಿಗೆ ಯಾಕೆ ಬಂದೆನೆಂದೇ ನೆನಪಾಗಲಿಲ್ಲ.

ಕೊನೆಗೆ ನಾನೇ ಹೇಳಿದೆ: "ಯಾರನ್ನೂ ಕೇಳೋದು ಬೇಡ ಇನ್ನು. ಒಂದ್ಸಲ ಲೋಡ್ ಹಾಕ್ಕೊಂಡು ದೂರ ಹೋಗಿ ಬರೋಣ. ಅದು ಹೋಗುತ್ತೋ ಇಲ್ವೋ ನಮಗೇ ಗೊತ್ತಾಗುತ್ತೆ."

ಇವರು ಒಪ್ಪಿದರು. ಅಂಗನವಾಡಿ ಪಕ್ಕದ ಹೊಸ ಕಟ್ಟಡದ ಮೇಸ್ತ್ರಿಯನ್ನು ಕೇಳಿ ಒಂದು ದಿನದ ಮಟ್ಟಿಗೆ ಸಿಮೆಂಟ್ ಇಟ್ಟಿಗೆಗಳನ್ನು ಹೇರಿಕೊಂಡೆವು. ಅಂಗನವಾಡಿಗೆ ರಜೆ ಇದ್ದ ದಿನ, ಬಿಸಿಲು ಬಲಿಯುವ ಮುಂಚೆ ಹೊರಟೆವು. ಬಾಗೇಪಲ್ಲಿವರೆಗೆ ಹೋಗಿ ಬರುವುದೆಂದು ಮಾತಾಗಿತ್ತು. ಜಬಲ್ಪುರಕ್ಕೆ ಹೋಗುವುದೂ ಅದೇ ಹೆದ್ದಾರಿಯಲ್ಲೇ.

ನಾನು ಅಷ್ಟು ದೂರ ಆ ಗಾಡಿಯಲ್ಲಿ ಕೂತದ್ದು ಅದೇ ಮೊದಲು. ಯಲಹಂಕ ದಾಟಿ, ವಿಮಾನ ನಿಲ್ದಾಣಕ್ಕೆ ತಿರುಗುವ ಕಾರುಗಳೆಲ್ಲ ತಿರುಗಿ ಹೋದಮೇಲೆ ರಸ್ತೆ ಬಿಡುವಾಯಿತು. ಇವರು ಖುಷಿಯಾಗಿದ್ದರು. ಲಾರಿ ಓಡಿಸುವ ಕಾಲದಲ್ಲಿ ಯಾವ ಊರಲ್ಲಿ ಯಾವ ಡಾಬಾ ಇತ್ತು, ಯಾವ ಡಾಬಾದವನು ಮೊಸರಿಗೆ ನೀರು ಬೆರೆಸುತ್ತಿದ್ದ ಎಂದೆಲ್ಲ ಹೇಳಿದರು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡದವರು ಸ್ಟಿಯರಿಂಗ್ ಹಿಡಿದರೆ ಇಷ್ಟು ಮಾತಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಆಚೆಯ ಏರನ್ನು ಗಾಡಿ ನಿಧಾನವಾಗಿ, ಆದರೆ ನಿಲ್ಲದೆ ಹತ್ತಿತು. ಮುಳ್ಳು ಮಧ್ಯದಲ್ಲೇ ಇತ್ತು.

"ನೋಡ್ದಾ?" ಎಂದರು.

"ನೋಡ್ದೆ," ಎಂದೆ. ಸೀಟಿನ ಅಂಚಿನಿಂದ ಹಿಂದೆ ಸರಿದು ಒರಗಿ ಕೂತೆ. ಬಾಗೇಪಲ್ಲಿಯ ಹತ್ತಿರ ರಸ್ತೆ ಬದಿಯಲ್ಲಿ ನಿಲ್ಲಿಸಿ, ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಇವರು ಗಾಡಿಯ ಕೆಳಗೆ ಬಗ್ಗಿ ನೋಡಿ, ಒಂದು ಹನಿ ಎಣ್ಣೆಯೂ ಸೋರಿಲ್ಲ ಎಂದು ಬಂದು ಹೇಳಿದರು. ಆ ಮಧ್ಯಾಹ್ನ ನಾನು ಮನಸ್ಸಿನಲ್ಲೇ ಅವರ ಬಟ್ಟೆಬರೆ ಕಟ್ಟತೊಡಗಿದ್ದೆ. ಮಾತ್ರೆ, ಟವೆಲ್ಲು, ಚಟ್ನಿಪುಡಿ, ಇಂಥವು.

ವಾಪಸು ಬರುವಾಗ ಬಿಸಿಲು ಎದುರಿಗಿತ್ತು. ಇವರ ಮಾತು ಕಡಿಮೆಯಾಯಿತು. ನನಗೆ ಮಾಡಲು ಬೇರೇನೂ ಇರಲಿಲ್ಲವಾದ್ದರಿಂದ ಇವರು ಗಾಡಿ ಓಡಿಸುವುದನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಒಂದೊಂದೇ ಕಾಣತೊಡಗಿತು. ರಸ್ತೆ ನೇರವಾಗಿದ್ದರೂ ಇವರು ಸ್ಟಿಯರಿಂಗನ್ನು ಸದಾ ಬಲಕ್ಕೆ ಒಂಚೂರು ಎಳೆದು ಹಿಡಿದಿದ್ದರು. ಬಿಟ್ಟರೆ ಗಾಡಿ ಎಡಕ್ಕೆ ವಾಲುತ್ತಿತ್ತು. ಮೂರನೆಯ ಗೇರಿಗೆ ಹಾಕಿದಾಗಲೆಲ್ಲ ಅದು ಕಳಚಿಕೊಳ್ಳದಂತೆ ಅಂಗೈಯಿಂದ ಒತ್ತಿಕೊಂಡೇ ಇರುತ್ತಿದ್ದರು. ಬ್ರೇಕು ಬೇಕಾದಾಗ ಒಮ್ಮೆ ತುಳಿದು, ಬಿಟ್ಟು, ಮತ್ತೆ ತುಳಿಯುತ್ತಿದ್ದರು. ಗಾಡಿ ನಿಧಾನವಾಗುತ್ತಿದ್ದದ್ದು ಎರಡನೆಯ ತುಳಿತಕ್ಕೆ. ಇದನ್ನೆಲ್ಲ ಅವರು ಮನಸ್ಸಿಟ್ಟು ಮಾಡುತ್ತಿರಲಿಲ್ಲ. ನಾವು ಮನೆಯ ಬಾಗಿಲನ್ನು ಸ್ವಲ್ಪ ಎತ್ತಿ ಚಿಲಕ ಹಾಕುವುದಿಲ್ಲವೇ, ಹಾಗೆ ಕೈಕಾಲು ತಾವಾಗಿ ಮಾಡುತ್ತಿದ್ದವು. ಹೇಳಲೇ ಬೇಡವೇ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಯಲಹಂಕ ಹತ್ತಿರವಾಗಿತ್ತು.

ವಾಯುಪಡೆಯ ಕಾಂಪೌಂಡಿನ ಗೋಡೆ ಶುರುವಾಗುವ ಜಾಗದಲ್ಲಿ, ಹಿಂದೆ ಸೊಪ್ಪಿನ ಮೂಟೆ ಕಟ್ಟಿಕೊಂಡ ಒಬ್ಬ ಸ್ಕೂಟರಿನವನು ಪಕ್ಕದ ರಸ್ತೆಯಿಂದ ತಟ್ಟನೆ ನಮ್ಮೆದುರಿಗೆ ಬಂದ. ಇವರು ಬ್ರೇಕು ತುಳಿದರು. ಒಂದೇ ಸಲ ತುಳಿದರು. ದಣಿದಿದ್ದರು, ಗಾಬರಿಯಾಗಿದ್ದರು, ಒತ್ತಿ ಹಿಡಿದೇ ಇದ್ದುಬಿಟ್ಟರು. ಗಾಡಿ ನಿಲ್ಲಲಿಲ್ಲ. ಹಿಂದಿದ್ದ ಇಟ್ಟಿಗೆಯ ಭಾರವೆಲ್ಲ ನಮ್ಮನ್ನು ಮುಂದಕ್ಕೆ ನೂಕಿದ ಹಾಗಾಯಿತು. "ರೀ!" ಎಂದು ಕೂಗಿದೆ. ಇವರು ಕಾಲು ತೆಗೆದು ಮತ್ತೆ ತುಳಿದು ಸ್ಟಿಯರಿಂಗನ್ನು ಎಡಕ್ಕೆ ತಿರುವಿದರು. ಗಾಡಿಯ ಮೂಲೆ ಸೊಪ್ಪಿನ ಮೂಟೆಗೆ ತಗುಲಿತು. ಸ್ಕೂಟರು ವಾಲಿ ಬಿತ್ತು. ನಾವು ಮಣ್ಣಿನ ಅಂಚಿನಲ್ಲಿ ನಿಂತೆವು.

ಆ ಮನುಷ್ಯ ತಾನೇ ಎದ್ದು ನಿಂತ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬಾಯಿಗೆ ಬಂದಂತೆ ಬೈದ. ನಾನು ಇಳಿದು ಹೋಗಿ, ನಮ್ಮ ನೀರಿನ ಕ್ಯಾನಿನಿಂದ ಅವನ ಗಾಯ ತೊಳೆದು, ರಸ್ತೆಯಲ್ಲಿ ಚೆಲ್ಲಿದ್ದ ದಂಟಿನ ಸೊಪ್ಪಿನ ಕಟ್ಟುಗಳನ್ನು ಆರಿಸಿಕೊಟ್ಟೆ. "ಅಮ್ಮಾ, ಗಾಡೀಲಿ ಬ್ರೇಕಾದ್ರೂ ಇದ್ಯಾ ಇಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ನಾನು ವಾಪಸು ಹತ್ತಿ ಕೂತೆ. ಇವರು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಮುಂದಕ್ಕೆ ನೋಡುತ್ತಿದ್ದರು.

"ಅವ್ನೇ ಅಡ್ಡ ಬಂದಿದ್ದು," ಎಂದರು.

"ಹೌದು. ಅವನೇ ಬಂದಿದ್ದು."

ನೀರಿನ ಕ್ಯಾನಿನ ಮುಚ್ಚಳ ತಿರುವಿ ಕೆಳಗಿಟ್ಟು ಹೇಳಿದೆ: "ನೀವು ಒಂದೇ ಸಲ ತುಳಿದ್ರಿ."

"ಏನು?"

"ಬ್ರೇಕು. ಯಾವಾಗ್ಲೂ ಎರಡು ಸಲ ತುಳೀತೀರ. ಈಗ ಒಂದೇ ಸಲ ತುಳಿದ್ರಿ. ಅದಕ್ಕೇ ನಿಲ್ಲಲಿಲ್ಲ."

"ಯಾರು ಎರಡ್ ಸಲ ತುಳಿಯೋದು? ನಿಂಗೇನ್ ಗೊತ್ತು ಗಾಡಿ ವಿಸ್ಯ?" ಎಂದು ರೇಗಿದರು. ಅವರು ಇಂಜಿನ್ ಚಾಲೂ ಇರುವಾಗಲೇ, ನಿಂತ ಗಾಡಿಯಲ್ಲಿ, ಕಾಲನ್ನು ಬ್ರೇಕಿನ ಮೇಲಿಟ್ಟು ಒತ್ತಿದರು. ಅದು ಮೆತ್ತಗೆ ಕೆಳಗಿನವರೆಗೂ ಹೋಯಿತು. ಬಿಟ್ಟು ಮತ್ತೆ ಒತ್ತಿದರು. ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಕಾಲು ತೆಗೆದು, ಸುಮಾರು ಹೊತ್ತು ಬಿಟ್ಟು, ಮತ್ತೊಮ್ಮೆ ಒತ್ತಿ ನೋಡಿದರು. ಅದೇ. ಆಮೇಲೆ ತಮ್ಮ ಬಲಗಾಲನ್ನು ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿಕೊಂಡರು.

"ಯಾವಾಗಿಂದ ಇಂಗ್ ಮಾಡ್ತಿದ್ದೆ ನಾನು?" ಎಂದರು.

"ನಂಗೆ ಹೇಗ್ ಗೊತ್ತಿರುತ್ತೆ? ನಾನು ಗಮನಿಸಿದ್ದು ಇವತ್ತೇ."

ಸ್ಟಿಯರಿಂಗು ಎಳೆಯುವುದನ್ನೂ ಗೇರು ಕಳಚುವುದನ್ನೂ ಹೇಳಿದೆ. ಅವರು ವಾದ ಮಾಡಲಿಲ್ಲ. ಮೇಸ್ತ್ರಿಗಳಿಗೂ ಡ್ರೈವರುಗಳಿಗೂ ತೋರಿಸಿದಾಗ ಯಾರೂ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ನೋಡಿರಲಿಲ್ಲ. ಎಲ್ಲರೂ ಇಂಜಿನ್ನಿನ ಸದ್ದು ಕೇಳಿದ್ದರು, ಟೈರನ್ನು ಒದ್ದು ನೋಡಿದ್ದರು. ಬ್ರೇಕು ಹೇಗಿದೆ ಎಂದು ಕೇಳಿದವರಿಗೆ ಇವರು ಚೆನ್ನಾಗಿದೆ ಎಂದಿದ್ದರು. ಸುಳ್ಳಲ್ಲ, ಅವರ ಕಾಲಿಗೆ ಅದು ಚೆನ್ನಾಗಿಯೇ ಇತ್ತು.

"ಮಾಡ್ಸಣ. ಒಂದ್ ವಾರ ಆಯ್ತದೆ," ಎಂದರು. "ಬ್ರೇಕು, ಗೇರು, ಎಲ್ಲಾ ಮಾಡ್ಸ್ಕಂಡೇ ಓಯ್ತೀನಿ."

ಆಗ ನಾನು ಬೇಡ ಎಂದೆ. ಇಷ್ಟು ದಿನ ಹೇಳಬೇಕೆಂದಿದ್ದು, ಹೇಳಲಾಗದ್ದು, ಅಲ್ಲಿ ಮಣ್ಣಿನ ಅಂಚಿನಲ್ಲಿ ಕೂತು ಹೇಳಿದೆ. "ಬ್ರೇಕು ಮಾಡಿಸಿದ್ರೆ ಗೇರು, ಗೇರು ಮಾಡಿಸಿದ್ರೆ ಇನ್ನೊಂದು. ಇದು ಯಶವಂತಪುರಕ್ಕೆ ಹೋಗಿ ಬರೋ ಗಾಡಿ ರೀ. ಅರ್ಧ ದಿನ ಓಡಿಸಿ ಸುಸ್ತಾಗಿದ್ದಕ್ಕೇ ನಿಮ್ಮ ಕಾಲು ಮರೀತು. ಅಲ್ಲಿಗೆ ಹೋಗೋಕೆ ಎಷ್ಟು ದಿನ, ಬರೋಕೆ ಎಷ್ಟು ದಿನ? ಬರ್ತಾ ಪಕ್ಕದಲ್ಲಿ ಅವಳು ಕೂತಿರ್ತಾಳೆ."

ವಿಮಾನವೊಂದು ಗೋಡೆಯಾಚೆಯಿಂದ ಎದ್ದು ನಮ್ಮ ತಲೆಯ ಮೇಲೆ ಹೋಯಿತು. ಅದರ ಸದ್ದು ಅಡಗಿದ ಮೇಲೆ ಇವರು ಗೇರು ಹಾಕಿದರು. ಕೊಡಿಗೇಹಳ್ಳಿ ತಿರುವಿನವರೆಗೂ ಗಾಡಿ ಎತ್ತಿನ ಬಂಡಿಯಂತೆ ಹೋಯಿತು. ಹಿಂದಿನವರು ಹಾರ್ನು ಹೊಡೆದು ಹೊಡೆದು ದಾಟಿಕೊಂಡು ಹೋದರು. ಪ್ರತಿ ಸಲ ಬ್ರೇಕು ತುಳಿಯುವಾಗಲೂ ಇವರು ತಮ್ಮ ಪಾದ ನೋಡಿಕೊಳ್ಳುತ್ತಿದ್ದರು.

ಮಗಳಿಗೆ ಹೇಳುವ ಕೆಲಸ ನನಗೇ ಬಂತು. ಇವರು ನಂಬರು ಒತ್ತಿಕೊಟ್ಟು ಜಗಲಿಗೆ ಹೋಗಿ ಬೆನ್ನು ತಿರುಗಿಸಿ ಕೂತರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ತೀರಾ ಸಣ್ಣ ದನಿಯಲ್ಲಿ ಕೇಳಿದಳು:

"ಹಾಗಾದ್ರೆ ಅಪ್ಪ ಬರಲ್ವಾ?"

"ಅಪ್ಪ ಬರ್ತಾರೆ ಕಣೇ. ಗಾಡಿ ಬರಲ್ಲ."

"ಅಯ್ಯೋ, ಗಾಡಿ ಯಾರಿಗ್ ಬೇಕಮ್ಮಾ?" ಎಂದಳು. ಈ ಸಲ ಅವಳು ಅತ್ತದ್ದು ನನಗೆ ಚೆನ್ನಾಗಿ ಕೇಳಿಸಿತು. "ಇಲ್ಲಿ ಲಾರಿ ಬೇಕಾದಷ್ಟು ಸಿಗುತ್ತೆ. ಮೆಷೀನು ಹೊರಗೆ ಎತ್ತೋವಾಗ ಅವನ ಮನೆಯೋರೆಲ್ಲ ಬಂದು ನಿಂತ್ಕೋತಾರೆ. ಆಗ ನನ್ನ ಪಕ್ಕ ಒಬ್ರು ಇರ್ಬೇಕಿತ್ತು, ಅಷ್ಟೇ."

ಫೋನನ್ನು ಸ್ಪೀಕರಿಗೆ ಹಾಕಿ ಜೋರಾಗಿಯೇ ಇಟ್ಟಿದ್ದೆ. ಜಗಲಿಯ ಮೇಲಿದ್ದವರು ತಿರುಗಿ ನೋಡಲಿಲ್ಲ. ಆದರೆ ಬೆಳಿಗ್ಗೆ ನಾನು ಏಳುವ ಮುಂಚೆಯೇ ಯಶವಂತಪುರದ ಸ್ಟೇಷನ್ನಿಗೆ ಹೋಗಿ, ನಾನು ಅಂಗನವಾಡಿಗೆ ಹೊರಡುವಷ್ಟರಲ್ಲಿ ರೈಲಿನ ಟಿಕೆಟ್ಟು ಮಾಡಿಸಿಕೊಂಡು ಬಂದಿದ್ದರು.

ಅವರು ಹೋದ ದಿನಗಳಲ್ಲಿ ಮನೆ ಬಿಕೋ ಎನ್ನುತ್ತಿತ್ತು. ನಾನು ಆರ್.ಟಿ. ನಗರದ ಮೇಸ್ತ್ರಿಗೆ ಫೋನು ಮಾಡಿ ಬ್ರೇಕಿನ ವಿಷಯ ಹೇಳಿದೆ. "ಅರೆ, ಅಣ್ಣ ಹೇಳ್ಲೇ ಇಲ್ವಲ್ಲ ಭಾಬಿ," ಎಂದು ನೊಂದುಕೊಂಡು ತಾವೇ ಬಂದು ಗಾಡಿ ತೆಗೆದುಕೊಂಡು ಹೋದರು. ಒಳಗಿನ ರಬ್ಬರುಗಳೆಲ್ಲ ಸವೆದು ಹೋಗಿದ್ದವಂತೆ. ಎಲ್ಲವನ್ನೂ ಬದಲಾಯಿಸಿ, ಸ್ಟಿಯರಿಂಗನ್ನೂ ಗೇರನ್ನೂ ಸರಿಮಾಡಿ ತಂದು ನಿಲ್ಲಿಸಿದರು.

ಜಬಲ್ಪುರದಲ್ಲಿ ಆದದ್ದನ್ನು ನನಗೆ ಮಗಳು ಆಮೇಲೆ ಹೇಳಿದಳು. ಅವನ ಮನೆಯವರು ಬಂದರು, ನಿಂತರು. ಒಂದು ಯಂತ್ರ ನಮ್ಮದು ಎಂದು ಅವನ ಅಣ್ಣ ಹೇಳಿದನಂತೆ. ಇವರಿಗೆ ಬರುವ ಹಿಂದಿ ಲಾರಿಯ ಹಿಂದಿ. ಜಗಳ ಆಡದೆ, ಆ ಯಂತ್ರದ ಮೇಲೆ ಹೋಗಿ ಕೂತುಕೊಂಡು, "ಬೇಟೀ ಕಾ ಹೈ," ಮಗಳದು, ಎಂದಷ್ಟೇ ಹೇಳಿದರಂತೆ. ಲೋಡು ಮಾಡುವವರು ಉಳಿದ ಎರಡನ್ನೂ ಹೊತ್ತೊಯ್ದು ಬರುವವರೆಗೂ ಅಲ್ಲಿಂದ ಏಳಲಿಲ್ಲ. ಅವರು ಹಿಡಿದ ಲಾರಿ ಯಶವಂತಪುರದ ಯಾರ್ಡಿಗೆ ಬೆಳ್ಳುಳ್ಳಿ ತರುವಂಥದ್ದು. ಸಾಮಾನು ಹೇರುವ ಮುಂಚೆ ಇವರು ಆ ಲಾರಿಯ ಕೆಳಗೆ ನುಸುಳಿ ನೋಡಿ, ಆಮೇಲೆ ಡ್ರೈವರನ ಸೀಟು ಹತ್ತಿ ಬ್ರೇಕು ಒತ್ತಿ ನೋಡುತ್ತೇನೆಂದು ಹಟ ಹಿಡಿದರಂತೆ. ಆ ಡ್ರೈವರನಿಗೆ ಸಿಟ್ಟು ಬಂತು. ಮಗಳು ಅವನನ್ನು ಪಕ್ಕಕ್ಕೆ ಕರೆದು ಚಹಾ ಕುಡಿಸಿ ಸಮಾಧಾನ ಮಾಡಬೇಕಾಯಿತು.

ಅಪ್ಪ ಮಗಳು ರೈಲಿನಲ್ಲಿ ಬಂದರು. ಅವಳು ತೆಳ್ಳಗಾಗಿದ್ದಳು, ಕೂದಲು ಹಿಂದೆ ಬಿಗಿಯಾಗಿ ಕಟ್ಟಿದ್ದಳು. ನನ್ನನ್ನು ನೋಡಿ, "ಏನಮ್ಮಾ, ಇಷ್ಟು ಬಿಳಿ ಕೂದಲು ಯಾವಾಗ ಬಂತು?" ಎಂದಳು. ಅಷ್ಟೇ. ಬಟ್ಟೆಯನ್ನೂ ಬದಲಾಯಿಸದೆ ಒಳಗಿನ ಮಂಚದ ಮೇಲೆ ಮಲಗಿದವಳು ಮರುದಿನ ಬಿಸಿಲೇರುವವರೆಗೂ ಏಳಲಿಲ್ಲ.

ಬೆಳ್ಳುಳ್ಳಿ ಲಾರಿ ಬಂದು ಯಾರ್ಡು ಸೇರಿದೆ ಎಂದು ಫೋನು ಬಂದಾಗ ನಾವು ಮೂವರೂ ಕ್ಯಾಂಟರು ಹತ್ತಿದೆವು. ಬ್ರೇಕು ಸರಿಯಾಗಿದೆ ಎಂದು ಹೇಳಿದ್ದೆ. ಆದರೂ ಮನೆಯ ತಿರುವಿನಲ್ಲೇ ಇವರ ಕಾಲು ಹಳೆಯ ಲೆಕ್ಕದಲ್ಲಿ ಬಿತ್ತು. ಗಾಡಿ ಗಕ್ಕನೆ ನಿಂತು, ಮಗಳ ಹಣೆ ಮುಂದಿನ ಗಾಜಿಗೆ ಬಡಿಯುವುದೊಂದು ಬಾಕಿ. "ಅಪ್ಪಾ, ಸಾಯಿಸ್ತೀಯಾ?" ಎಂದು ಕೂಗಿದಳು. ಇವರು ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದು. ಮತ್ತಿಕೆರೆ ದಾಟುವವರೆಗೂ ನಾವು ತಲೆಯಾಡಿಸುವ ಬೊಂಬೆಗಳ ಹಾಗೆ ಮುಂದಕ್ಕೂ ಹಿಂದಕ್ಕೂ ಹೋಗುತ್ತಲೇ ಇದ್ದೆವು. ಹೊಸ ಬ್ರೇಕಿಗೆ ಅವರ ಕಾಲು ಪಳಗಲು ತಿಂಗಳುಗಳೇ ಹಿಡಿದವು.

ಯಾರ್ಡಿನಲ್ಲಿ ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಯಂತ್ರಗಳನ್ನು ಇಳಿಸಿದಾಗ ಇವರು ಹಗ್ಗವನ್ನು ತಾವೇ ಬಿಗಿದರು. ಒಬ್ಬರನ್ನೂ ಮುಟ್ಟಗೊಡಲಿಲ್ಲ. ಅಲ್ಲಿಂದ ಮನೆಗೆ ಬರುವ ದಾರಿ ಗಾಡಿಗೂ ಅವರಿಗೂ ದಿನವೂ ಓಡಾಡಿದ್ದೇ. ಮಗಳು ಹಿಂದೆ ಸಾಮಾನಿನ ಜೊತೆಗೇ ಕೂತು ಬರುತ್ತೇನೆಂದಳು, ಬೇಡವೆಂದರೂ ಕೇಳಲಿಲ್ಲ. ಹಿಂದಿನ ಸಣ್ಣ ಕಿಟಕಿಯಿಂದ ನೋಡಿದೆ. ಯಂತ್ರಕ್ಕೆ ಒರಗಿಕೊಂಡು, ಗಾಳಿಗೆ ಮುಖವೊಡ್ಡಿ, ಮೆಟ್ರೋ ಕಂಬಗಳನ್ನೂ ಅಂಗಡಿ ಸಾಲನ್ನೂ ನೋಡುತ್ತಿದ್ದಳು.

ಸುತ್ತಿದ್ದ ಸೀರೆಗಳಿಗೆ ಹತ್ತಿದ ಬೆಳ್ಳುಳ್ಳಿಯ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಮಂಚ ತೆಗೆದು ಯಂತ್ರಗಳನ್ನು ಸಾಲಾಗಿ ಇಟ್ಟೆವು. ಅವಳು ಎಣ್ಣೆ ಹಾಕಿ, ದಾರ ಪೋಣಿಸಿ, ಮೂರನ್ನೂ ಒಟ್ಟಿಗೆ ಓಡಿಸಿ ನೋಡಿದಳು. ಫ್ಯೂಸು ಹೋಯಿತು. ನಮ್ಮ ಹಳೆಯ ಮನೆಯ ವೈರಿಂಗು ಎರಡಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಿ ಹೋದ. ಹೊಸ ವೈರು ಎಳೆಸಬೇಕು, ನೋಡೋಣ ಎನ್ನುತ್ತಿದ್ದೇವೆ, ಇನ್ನೂ ಆಗಿಲ್ಲ. ಈಗ ಅವಳು ಒಂದರಲ್ಲಿ ಹೊಲಿಯುತ್ತಾಳೆ, ಇನ್ನೊಂದರಲ್ಲಿ ಪಕ್ಕದ ಬೀದಿಯ ಹುಡುಗಿಯೊಬ್ಬಳು ಕಲಿಯುತ್ತಾಳೆ. ಮೂರನೆಯದರ ಮೇಲೆ ನಾನು ಸಂಜೆ ಹೊತ್ತು ಒಣಗಿದ ಬಟ್ಟೆಗಳನ್ನು ತಂದು ಮಡಿಸಿಡುತ್ತೇನೆ.